ಕೂಡಿಟ್ಟ ದಾಸ್ತಾನು ಕೆಟ್ಟಿದೆಯೇ? ದೋಷ ಎಲ್ಲಿಂದ ಶುರುವಾಯಿತು ಎಂದು ಹುಡುಕುವ ಕೈಪಿಡಿ

ಮೊದಲ ಸಲ ಅಕ್ಕಿ ಡ್ರಮ್ಮಿನಲ್ಲಿ ಬೂಷ್ಟು ಕಂಡಾಗ ನಾನು ಮುಚ್ಚಳವನ್ನು ಬೈದೆ. ಹೊಸ ಮುಚ್ಚಳ ತಂದೆ, ಸುತ್ತ ರಬ್ಬರ್ ಪಟ್ಟಿ ಕೂರಿಸಿದೆ. ಮುಂದಿನ ಸಲವೂ ಬೂಷ್ಟು ಬಂತು, ಇನ್ನೂ ಸ್ವಲ್ಪ ಜಾಸ್ತಿಯೇ ಬಂತು. ಮೂರನೇ ಸಲ ಮುಚ್ಚಳದ ಆಸೆ ಬಿಟ್ಟು ಅಕ್ಕಿಯನ್ನೇ ಸರಿಯಾಗಿ ನೋಡಿದೆ. ಬೂಷ್ಟು ಇದ್ದದ್ದು ಮೇಲಿನ ಎರಡು ಬೆರಳಿನಷ್ಟು ಪದರದಲ್ಲಿ ಮಾತ್ರ. ಅದರ ಕೆಳಗೆಲ್ಲ ಅಕ್ಕಿ ಗರಿಗರಿಯಾಗಿ ಚೆನ್ನಾಗಿಯೇ ಇತ್ತು.

ಹೊರಗಿನಿಂದ ಒಂದು ಹನಿ ನೀರೂ ಬಂದಿರಲಿಲ್ಲ. ಅಕ್ಕಿಯನ್ನು ಬಿಸಿಲಿಗೆ ಹರವಿ, ಇನ್ನೂ ಬಿಸಿ ಇರುವಾಗಲೇ ಡ್ರಮ್ಮಿಗೆ ಸುರಿದು ಮುಚ್ಚುತ್ತಿದ್ದೆ. ರಾತ್ರಿ ಡ್ರಮ್ ತಣ್ಣಗಾಗುತ್ತಿತ್ತು. ಒಳಗಿನ ಬಿಸಿ ಗಾಳಿಯಲ್ಲಿದ್ದ ತೇವ ಮುಚ್ಚಳದ ಒಳಮೈಗೆ ಹನಿಗಟ್ಟಿ ಅಕ್ಕಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಮುಚ್ಚಳ ಬಿಗಿ ಮಾಡಿ ಆ ತೇವ ಹೊರಗೆ ಹೋಗುವ ದಾರಿಯನ್ನೂ ನಾನೇ ಮುಚ್ಚಿದ್ದೆ.

ಅವತ್ತಿನಿಂದ ಏನೇ ಕೆಟ್ಟರೂ ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಎಲ್ಲಿಂದ ಶುರುವಾಯಿತು? ಮೇಲಿನಿಂದಲೋ, ತಳದಿಂದಲೋ, ಗೋಡೆ ಪಕ್ಕದಿಂದಲೋ, ನಡುವಿನಿಂದಲೋ? ಕೆಟ್ಟ ಜಾಗವೇ ಅರ್ಧ ಉತ್ತರ ಹೇಳಿಬಿಡುತ್ತದೆ.

ಸುರಿದು ಎಸೆಯುವ ಮೊದಲು

ಡಬ್ಬಿ ತೆರೆದ ಕೂಡಲೇ ಕೈ ಹಾಕಿ ಕಲಸಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಕಲಸಿದ ಮೇಲೆ ಎಲ್ಲಿ ಒದ್ದೆ ಇತ್ತು, ಎಲ್ಲಿ ಒಣಗಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಮುಚ್ಚಳದ ಒಳಮೈ ಸವರಿ ನೋಡಿ, ಪಸೆ ಇದೆಯೇ? ಆಮೇಲೆ ಮೂಗು. ಮುಗ್ಗಲು ವಾಸನೆ ಬಂದರೆ ತೇವ, ಕಮಟು ವಾಸನೆ ಬಂದರೆ ಎಣ್ಣೆಯಂಶ ಹಳಸಿದೆ. ಕಟುವಾದ, ಔಷಧಿಯಂಥ ವಾಸನೆ ಬಂದರೆ ಹಿಟ್ಟಿನ ಹುಳದ ಕೆಲಸ ಇರಬಹುದು. ಆಮೇಲೆ ಅಂಗೈಯನ್ನು ಧಾನ್ಯದ ನಡುವಿಗೆ ಇಳಿಸಿ ಒಂದು ನಿಮಿಷ ಬಿಡಿ. ನಡುವಿನ ಭಾಗ ಕೋಣೆಗಿಂತ ಬೆಚ್ಚಗಿದ್ದರೆ ಅಲ್ಲಿ ಏನೋ ಉಸಿರಾಡುತ್ತಿದೆ ಎಂದರ್ಥ. ಹುಳವೂ ಬೂಷ್ಟೂ ಉಸಿರಾಡುವಾಗ ಶಾಖವನ್ನೂ ತೇವವನ್ನೂ ಬಿಡುತ್ತವೆ. ಕೊನೆಗೆ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಮೂರು ಬಿಳಿ ಕಾಗದದ ಮೇಲೆ ಬೇರೆ ಬೇರೆಯಾಗಿ ಹರಡಿ.

ಒಂದು ಎಚ್ಚರಿಕೆ. ಉಬ್ಬಿದ ಟಿನ್ ಡಬ್ಬಿ, ಬೂಷ್ಟು ಹಿಡಿದ ಕಾಳು, ವಾಸನೆ ಬದಲಾದ ಔಷಧಿ, ಇವನ್ನು ನಾಲಿಗೆಗೆ ಇಟ್ಟು ಪರೀಕ್ಷಿಸಬೇಡಿ. "ಸುಮ್ನೆ ಒಂದು ಚೂರು ನೋಡೋಣ" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಧಾನ್ಯದಲ್ಲಿ ಬೂಷ್ಟು, ಗಂಟು, ಮುಗ್ಗಲು

ಮೇಲ್ಪದರ ಮಾತ್ರ ಕೆಟ್ಟಿದ್ದರೆ ನನ್ನ ಕಥೆಯೇ ನಿಮ್ಮದೂ. ಬಿಸಿ ಇರುವಾಗ ತುಂಬಿದ್ದೀರಿ, ಇಲ್ಲವೇ ಡ್ರಮ್ ಹಗಲು ಕಾದು ರಾತ್ರಿ ತಣ್ಣಗಾಗುವ ಜಾಗದಲ್ಲಿದೆ. ಶಾಖ ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ತೇವ ಹೋಗುತ್ತದೆ. ಲೋಹದ ಡ್ರಮ್ಮಿನಲ್ಲಿ ಇದು ಬೇಗ ಕಾಣುತ್ತದೆ, ಯಾಕೆಂದರೆ ಲೋಹ ಬೇಗ ತಣ್ಣಗಾಗುತ್ತದೆ. ಒಣಗಿಸಿದ ಧಾನ್ಯವನ್ನು ನೆರಳಿನಲ್ಲಿ ಪೂರ್ತಿ ಆರಲು ಬಿಟ್ಟು ಆಮೇಲೆ ತುಂಬಿ. ಆರಲು ಎಂದು ಇಡೀ ರಾತ್ರಿ ಇಬ್ಬನಿಯಲ್ಲಿ ಬಿಟ್ಟರೆ ಒಣಗಿಸಿದ್ದೇ ವ್ಯರ್ಥ. ಡ್ರಮ್ಮನ್ನು ಕಂಠದವರೆಗೆ ತುಂಬಿದರೆ ಮೇಲೆ ಖಾಲಿ ಗಾಳಿ ಕಡಿಮೆ ಉಳಿಯುತ್ತದೆ, ಹನಿಗಟ್ಟಲು ತೇವವೂ ಕಡಿಮೆ.

ತಳ ಕೆಟ್ಟಿದ್ದರೆ ನೆಲವನ್ನು ನೋಡಿ. ಕಾಂಕ್ರೀಟು ಕಣ್ಣಿಗೆ ಒಣಗಿದಂತೆ ಕಂಡರೂ ಕೆಳಗಿನಿಂದ ತೇವ ಎಳೆದುಕೊಳ್ಳುತ್ತದೆ. ಚೀಲವಾದರೆ ನೇರವಾಗಿ ಒದ್ದೆಯಾಗುತ್ತದೆ, ಡ್ರಮ್ಮಾದರೆ ತಳ ತಣ್ಣಗಿದ್ದು ಒಳಗೆ ಪಸೆ ಕಟ್ಟುತ್ತದೆ. ಅನುಮಾನವಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ ಒಂದು ದಿನ ಬಿಡಿ. ಮರುದಿನ ಹಾಳೆಯ ಕೆಳಗೆ ಹನಿ ಕಂಡರೆ ಕಳ್ಳ ಸಿಕ್ಕ. ಮರದ ಹಲಗೆ ಇಟ್ಟು ಎತ್ತರಿಸಿದರೆ ಸಾಕು.

ಒಂದೇ ಪಕ್ಕದಲ್ಲಿ ಉದ್ದಕ್ಕೆ ಪಟ್ಟಿಯಂತೆ ಗಂಟು ಕಟ್ಟಿದ್ದರೆ ಆ ಪಕ್ಕ ಗೋಡೆಗೆ ತಾಗಿತ್ತು, ನೋಡಿ. ಒಂದು ಗೇಣು ಈಚೆಗೆ ಎಳೆಯಿರಿ.

ನಡುವಿನಲ್ಲಿ ಬಿಸಿ ಗೂಡು ಸಿಕ್ಕರೆ ಬಹುಪಾಲು ಹುಳ. ಬೂಷ್ಟು ಅದರ ಹಿಂದೆ ಬಂದ ನೆಂಟ. ಬರೀ ಒಣಗಿಸಿದರೆ ಇದು ಮತ್ತೆ ಬರುತ್ತದೆ. ಮುಂದಿನ ಭಾಗ ಓದಿ.

ಎಲ್ಲ ಕಡೆಯೂ ಒಂದೇ ಸಮ ಮುಗ್ಗಿದ್ದರೆ ಪಾತ್ರೆಯದೂ ಜಾಗದ್ದೂ ತಪ್ಪಿಲ್ಲ, ತುಂಬುವಾಗಲೇ ಧಾನ್ಯದಲ್ಲಿ ತೇವ ಇತ್ತು. ಅಕ್ಕಿ, ಗೋಧಿಯಂಥವು ತಿಂಗಳುಗಟ್ಟಲೆ ಇರಬೇಕಾದರೆ ತೇವಾಂಶ ಶೇ. 12ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಳೆಯುವ ಯಂತ್ರ ಎಲ್ಲರ ಬಳಿ ಇರುವುದಿಲ್ಲ. ಉಪ್ಪಿನ ಪರೀಕ್ಷೆ ಮಾಡಬಹುದು. ಒಣಗಿದ ಗಾಜಿನ ಜಾಡಿಯ ಮೂರನೇ ಒಂದು ಭಾಗ ಧಾನ್ಯ ಹಾಕಿ, ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಪುಡಿ ಉಪ್ಪು ಎರಡು ಮೂರು ಚಮಚ ಸೇರಿಸಿ. ಮುಚ್ಚಿ ಕೆಲವು ನಿಮಿಷ ಚೆನ್ನಾಗಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವಾಂಶ ಶೇ. 15ಕ್ಕಿಂತ ಜಾಸ್ತಿ ಇದೆ. ಮೆತ್ತದಿದ್ದರೆ 15ಕ್ಕಿಂತ ಕಡಿಮೆ, ಅಷ್ಟೇ. 12 ಆಗಿದೆ ಎಂದು ಹಿಗ್ಗಬೇಡಿ, ಇನ್ನೊಂದು ದಿನ ಬಿಸಿಲಿಗೆ ಹಾಕಿ.

ಬೂಷ್ಟು ಬಂದದ್ದನ್ನು ತೊಳೆದು ಬಳಸಬಹುದೇ? ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿತ್ತು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಹಾಗೆ. ಬೂಷ್ಟು ಕಣ್ಣಿಗೆ ಕಾಣದಂತೆ ತೊಳೆದರೂ ಆ ವಿಷ ಉಳಿಯುತ್ತದೆ, ಸಾಮಾನ್ಯ ಅಡುಗೆಯ ಬಿಸಿಗೂ ಪೂರ್ತಿ ಹೋಗುವುದಿಲ್ಲ. ಕಾಳು, ಬೀಜಗಳಲ್ಲಿ ಬೂಷ್ಟು ಕಂಡರೆ ನಾನು ಲೆಕ್ಕ ಹಾಕುತ್ತಾ ಕೂರುವುದಿಲ್ಲ, ಎಸೆಯುತ್ತೇನೆ.

ಹುಳ: ಯಾವುದು ಎಂದು ತಿಳಿಯದೆ ಕೈ ಹಾಕಬೇಡಿ

"ಹುಳ ಬಿದ್ದಿದೆ" ಎಂದರೆ ಸಾಲದು. ಒಂದೊಂದು ಹುಳ ಒಂದೊಂದು ಕಥೆ ಹೇಳುತ್ತದೆ.

ಮುಂದೆ ಸೊಂಡಿಲಿನಂಥ ಮೂತಿ ಇರುವ, ಎರಡು ಮೂರು ಮಿಲಿಮೀಟರಿನ ಕಪ್ಪು ಕಂದು ಹುಳವೇ? ಅದು ಮೂತಿ ಹುಳ. ಹೆಣ್ಣು ಇಡೀ ಕಾಳಿಗೆ ರಂಧ್ರ ಕೊರೆದು, ಒಳಗೆ ಮೊಟ್ಟೆ ಇಟ್ಟು, ಬಾಯಿ ಮುಚ್ಚಿಬಿಡುತ್ತದೆ. ಮರಿ ಕಾಳಿನೊಳಗೇ ಬೆಳೆಯುತ್ತದೆ. ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ತಿಂಗಳಿಗೆ ಹೊರಗೆ ಬರುತ್ತದೆ. ಜರಡಿ ಹಿಡಿದು, ಮೊರದಲ್ಲಿ ಕೇರಿ ಶುದ್ಧ ಮಾಡಿದ ಅಕ್ಕಿಯಲ್ಲಿ ತಿಂಗಳಿಗೆ ಸರಿಯಾಗಿ ಮತ್ತೆ ಹುಳ ಕಾಣಿಸುವುದು ಇದಕ್ಕೇ. ಹೊಸದಾಗಿ ಎಲ್ಲಿಂದಲೋ ಬಂದದ್ದಲ್ಲ, ನೀವು ಜರಡಿ ಹಿಡಿದಾಗಲೂ ಅದು ಕಾಳಿನೊಳಗೇ ಇತ್ತು. ಬಿಸಿಲಿಗೆ ಹಾಕಿದರೆ ದೊಡ್ಡ ಹುಳ ಓಡಿಹೋಗುತ್ತದೆ, ಒಳಗಿರುವ ಮೊಟ್ಟೆ, ಮರಿ ಸಾಯುತ್ತವೆ ಎಂಬ ಭರವಸೆ ಇಲ್ಲ.

ಕೆಂಪು ಕಂದು ಬಣ್ಣದ, ಚಪ್ಪಟೆ ಹುಳವಾದರೆ ಅದು ಹಿಟ್ಟಿನ ಹುಳ. ಇದಕ್ಕೆ ಗಟ್ಟಿ ಇಡೀ ಕಾಳು ಕಡಿಯುವ ಶಕ್ತಿ ಇಲ್ಲ. ಹಿಟ್ಟು, ರವೆ, ನುಚ್ಚು ಇದ್ದಲ್ಲಿ ಮಾತ್ರ ಸಂಸಾರ ಹೂಡುತ್ತದೆ. ಇಡೀ ಅಕ್ಕಿಯ ಡಬ್ಬಿಯಲ್ಲಿ ಇದು ಕಂಡರೆ ಅಲ್ಲಿ ನುಚ್ಚು ಜಾಸ್ತಿ ಇದೆ, ಅಥವಾ ಮೂತಿ ಹುಳ ಮೊದಲೇ ಬಂದು ಕಾಳು ಪುಡಿ ಮಾಡಿಟ್ಟಿದೆ ಎಂದು ತಿಳಿಯಿರಿ. ಹಿಟ್ಟಿನಲ್ಲಿ ತುಂಬಾ ಹೆಚ್ಚಾದರೆ ಹಿಟ್ಟೇ ಗುಲಾಬಿ ಛಾಯೆಗೆ ತಿರುಗಿ ಕಟು ವಾಸನೆ ಹೊಡೆಯುತ್ತದೆ. ಅದನ್ನು ಜರಡಿ ಹಿಡಿದು ಉಳಿಸಿಕೊಳ್ಳುವ ಪ್ರಯತ್ನ ಬೇಡ.

ಬಲೆ ಕಟ್ಟಿ ಹಿಟ್ಟು ಗಂಟಾಗಿದ್ದರೆ ಚಿಟ್ಟೆಯ ಮರಿ. ಡಬ್ಬಿಯನ್ನಷ್ಟೇ ನೋಡಿದರೆ ಆಗಲಿಲ್ಲ. ಗೂಡು ಕಟ್ಟುವ ಹೊತ್ತಿಗೆ ಈ ಮರಿ ಆಹಾರ ಬಿಟ್ಟು ಹರಿದುಕೊಂಡು ಹೋಗಿ ಗೋಡೆಯ ಮೂಲೆ, ಚಾವಣಿಯ ಸಂದು, ಕಪಾಟಿನ ತಿರುಪಿನ ತೂತು, ಮುಚ್ಚಳದ ಒಳಸುತ್ತಿನಲ್ಲಿ ಕೂರುತ್ತದೆ. ಅಲ್ಲೆಲ್ಲ ಒರೆಸಬೇಕು. ಅಂಟು ಬಲೆಗಳನ್ನು ಮಾರುತ್ತಾರಲ್ಲ, ಹೆಣ್ಣಿನ ವಾಸನೆ ಹಚ್ಚಿದ್ದು, ಅದಕ್ಕೆ ಬೀಳುವುದು ಗಂಡು ಚಿಟ್ಟೆ ಮಾತ್ರ. ಚಿಟ್ಟೆ ಇದೆಯೋ ಇಲ್ಲವೋ ತಿಳಿಯಲು ಒಳ್ಳೆಯದು. ಅದೊಂದೇ ಮನೆ ಕಾಯುತ್ತದೆ ಎಂದು ನಂಬಬೇಡಿ.

ದ್ವಿದಳ ಕಾಳುಗಳ ಮೇಲೆ ಬಿಳಿ ಚುಕ್ಕಿ, ಕಾಳಿನಲ್ಲಿ ದುಂಡಗೆ ಕೊರೆದಂಥ ತೂತು ಕಂಡರೆ ಅದು ಕಾಳಿನ ಕುಟ್ಟೆ ಹುಳ. ಬಿಳಿ ಚುಕ್ಕಿಗಳು ಅದರ ಮೊಟ್ಟೆ. ಇದು ಎಷ್ಟೋ ಸಲ ಹೊಲದಿಂದಲೇ ಕಾಳಿನ ಜೊತೆ ಬಂದಿರುತ್ತದೆ. ನಿಮ್ಮ ಉಗ್ರಾಣವನ್ನು ಬೈದು ಫಲವಿಲ್ಲ. ಕಿಲೋ ಕಾಳಿಗೆ ಸುಮಾರು 5 ಮಿಲಿಲೀಟರ್ ಅಡುಗೆ ಎಣ್ಣೆ ಸವರಿದರೆ ಹೊಸ ಮೊಟ್ಟೆ ಉಳಿಯುವುದು ಬಹಳ ಕಡಿಮೆಯಾಗುತ್ತದೆ.

ಪರಿಹಾರದಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಚಳಿಯ ಮೇಲೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುವ ಫ್ರೀಜರಿನಲ್ಲಿ ಸಣ್ಣ ಪೊಟ್ಟಣಗಳನ್ನು ಒಂದು ವಾರ ಇಟ್ಟರೆ ಮೊಟ್ಟೆ, ಮರಿ, ಹುಳ ಎಲ್ಲವೂ ಸಾಯುತ್ತವೆ. ದೊಡ್ಡ ಚೀಲ ಇಟ್ಟರೆ ನಡುಭಾಗಕ್ಕೆ ಚಳಿ ತಲುಪುವುದೇ ನಿಧಾನ. ಹೊರಗೆ ತೆಗೆದ ಮೇಲೆ ಪೊಟ್ಟಣ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ. ಆಗ ಪಸೆ ಪೊಟ್ಟಣದ ಹೊರಮೈಗೆ ಕೂರುತ್ತದೆ. ಅವಸರಪಟ್ಟು ಬಿಚ್ಚಿದರೆ ಧಾನ್ಯದ ಮೇಲೇ ಕೂತು, ಹುಳ ಹೋಯಿತು ಬೂಷ್ಟು ಬಂತು ಅನ್ನುವ ಹಾಗಾಗುತ್ತದೆ.

ಆಮ್ಲಜನಕ ಹೀರುವ ಪೊಟ್ಟಣ: "ಚೀಲ ಕುಗ್ಗಲೇ ಇಲ್ಲ"

ವರ್ಷಗಟ್ಟಲೆ ಇಡುವವರು ಫಾಯಿಲ್ ಚೀಲದೊಳಗೆ ಆಮ್ಲಜನಕ ಹೀರುವ ಪುಟ್ಟ ಪೊಟ್ಟಣ ಹಾಕಿ ಮುಚ್ಚುತ್ತಾರೆ. ಅದರೊಳಗೆ ಇರುವುದು ಕಬ್ಬಿಣದ ಪುಡಿ. ಅದು ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ಕಟ್ಟಿಹಾಕುತ್ತದೆ. ಮರುದಿನ ಚೀಲ ಕಲ್ಲಿನಂತೆ ಗಟ್ಟಿಯಾಗದಿದ್ದರೆ ಜನ ಗಾಬರಿಯಾಗುತ್ತಾರೆ.

ಗಾಬರಿ ಬೇಡ. ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ. 21 ಮಾತ್ರ, ಉಳಿದದ್ದು ಬಹುತೇಕ ಸಾರಜನಕ. ಎಲ್ಲ ಆಮ್ಲಜನಕ ಹೋದರೂ ಐದರಲ್ಲಿ ನಾಲ್ಕು ಪಾಲು ಗಾಳಿ ಅಲ್ಲೇ ಇರುತ್ತದೆ. ಕಾಳಿನ ನಡುವೆ ಗಾಳಿ ಕಡಿಮೆ ಇದ್ದರೆ ಚೀಲ ಬಿಗಿಯುತ್ತದೆ, ಮೇಲೆ ಜಾಸ್ತಿ ಗಾಳಿ ಬಿಟ್ಟಿದ್ದರೆ ಸಡಿಲವಾಗಿಯೇ ಇರುತ್ತದೆ. ಎರಡೂ ಸರಿಯೇ. ಸೋರುತ್ತಿದೆಯೇ ನೋಡಬೇಕಾದರೆ ಚೀಲವನ್ನು ನೀರಿನಲ್ಲಿ ಮುಳುಗಿಸಿ ಒತ್ತಿ, ಗುಳ್ಳೆ ಬಂದರೆ ಬೆಸುಗೆ ಬಿಟ್ಟಿದೆ. ಅಂಥ ಚೀಲದ ಒಳಗೆ ನೀರು ಹೋಗಿರಬಹುದು, ಅದನ್ನು ಮತ್ತೆ ಮುಚ್ಚಿಡದೆ ಬಿಚ್ಚಿ ಬಳಸಿಬಿಡಿ.

ಪೊಟ್ಟಣವೇ ಸತ್ತಿದೆಯೇ? ಕೆಲಸ ಮಾಡುವ ಪೊಟ್ಟಣ ಗಾಳಿಗೆ ತೆರೆದ ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತದೆ. ಮುಟ್ಟಿದರೆ ಒಳಗಿನ ಪುಡಿ ಗಟ್ಟಿ ಬಿಲ್ಲೆಯಾಗಿದ್ದರೆ ಅದರ ಆಯುಸ್ಸು ಮುಗಿದಿದೆ. ಕಟ್ಟು ಬಿಚ್ಚಿ ಅರ್ಧ ದಿನ ಮೇಜಿನ ಮೇಲೆ ಬಿಟ್ಟು, ಆಮೇಲೆ ಚೀಲಕ್ಕೆ ಹಾಕಿದರೆ ಆಗುವುದು ಇದೇ.

ಇದನ್ನು ಸಿಲಿಕಾ ಜೆಲ್ ಜೊತೆ ಗೊಂದಲ ಮಾಡಿಕೊಳ್ಳುವವರು ಬಹಳ. ಸಿಲಿಕಾ ಜೆಲ್ ಹೀರುವುದು ತೇವವನ್ನು, ಹುಳಕ್ಕೆ ಅದರಿಂದ ಉಸಿರು ಕಟ್ಟುವುದಿಲ್ಲ. ಇನ್ನು ಸಕ್ಕರೆಗೆ ಆಮ್ಲಜನಕ ಹೀರುವ ಪೊಟ್ಟಣ ಹಾಕಬೇಡಿ, ಇಟ್ಟಿಗೆಯಾಗುತ್ತದೆ. ನಿಜವಾಗಿ ಹೆದರಬೇಕಾದದ್ದು ಬೇರೆ ಇದೆ. ಡ್ರಮ್ಮಿನ ಧಾನ್ಯಕ್ಕೆ ಹೇಳಿದ ಶೇ. 12 ಇಲ್ಲಿಗೆ ಸಾಲದು. ತೇವಾಂಶ ಶೇ. 10 ದಾಟಿದ ಆಹಾರವನ್ನು ಗಾಳಿ ಇಲ್ಲದ ಚೀಲದಲ್ಲಿ ಮುಚ್ಚಿಟ್ಟರೆ ಬಾಟ್ಯುಲಿಸಂ ಎಂಬ, ಪ್ರಾಣಕ್ಕೇ ಎರವಾಗಬಲ್ಲ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಹಾಸಿಗೆ ಹಾಸಿ ಕೊಟ್ಟ ಹಾಗೆ. ಅದು ಬೆಳೆಯುವುದೇ ಆಮ್ಲಜನಕ ಇಲ್ಲದ ಕಡೆ.

ಎಣ್ಣೆ ಮತ್ತು ಹಿಟ್ಟು ಕಮಟಾಗಿದೆ

ಗಾಳಿ, ಬೆಳಕು, ಶಾಖ ಮೂರೂ ಸೇರಿ ಎಣ್ಣೆ ಕೆಡಿಸುತ್ತವೆ, ತಾಮ್ರ ಮತ್ತು ಕಬ್ಬಿಣ ಅದಕ್ಕೆ ಕೈ ಜೋಡಿಸುತ್ತವೆ. ವಾಸನೆ ಹಳೆ ಬಣ್ಣದ ಡಬ್ಬಿ ಅಥವಾ ಮೇಣದ ಬಳಪದಂತೆ ಇರುತ್ತದೆ. ಹೊಸ ಎಣ್ಣೆಯೂ ಬೇಗ ಕಮಟಾಗುತ್ತಿದೆ ಎಂದಾದರೆ ಪಾತ್ರೆಯನ್ನು ಹಿಡಿಯಿರಿ. ಹಳೆಯ ಎಣ್ಣೆ ತಳದಲ್ಲಿ ಉಳಿದಿರುವಾಗಲೇ ಅದರ ಮೇಲೆ ಹೊಸದನ್ನು ಸುರಿಯುತ್ತೀರಾ? ಆ ಹಳೆ ಜಿಡ್ಡೇ ಹೊಸದನ್ನೂ ಬೇಗ ಕೆಡಿಸುತ್ತದೆ. ತೊಳೆದು, ಪೂರ್ತಿ ಒಣಗಿಸಿ ತುಂಬಿ. ದೊಡ್ಡ ಡಬ್ಬಿ ಅರ್ಧ ಖಾಲಿಯಾದ ಮೇಲೆ ಸಣ್ಣ ಬಾಟಲಿಗಳಿಗೆ ಕಂಠದವರೆಗೆ ತುಂಬಿ ಕತ್ತಲಲ್ಲಿ ಇಟ್ಟರೆ ಗಾಳಿಯ ಸಂಗ ಕಡಿಮೆ.

ತೌಡು ತೆಗೆಯದ ಅಕ್ಕಿ, ಇಡೀ ಗೋಧಿಯ ಹಿಟ್ಟು ಬೇಗ ಹಳಸುವುದು ಅವುಗಳ ತೌಡಿನಲ್ಲೂ ಮೊಳಕೆಯ ಭಾಗದಲ್ಲೂ ಎಣ್ಣೆ ಇರುವುದರಿಂದ. ಪಾಲಿಶ್ ಮಾಡಿದ ಅಕ್ಕಿ ಒಣಗಿ, ಗಾಳಿಯಾಡದೆ, ತಂಪಾಗಿದ್ದರೆ ವರ್ಷಗಟ್ಟಲೆ ಇರುತ್ತದೆ. ತೌಡು ಇರುವ ಅಕ್ಕಿಗೆ ಸಾಮಾನ್ಯವಾಗಿ ಆರು ತಿಂಗಳ ಲೆಕ್ಕ ಹಿಡಿಯುತ್ತಾರೆ. ಕೂಡಿಡಲು ಯಾವುದನ್ನು ಆರಿಸಿದಿರಿ ಅನ್ನುವಲ್ಲೇ ಇಲ್ಲಿ ದೋಷ ಶುರು.

ಟಿನ್ ಡಬ್ಬಿ

ಇಲ್ಲಿ ಹೆಚ್ಚು ಮಾತಿಲ್ಲ. ಉಬ್ಬಿದ್ದರೆ, ತೆರೆಯುವಾಗ ರಸ ಚಿಮ್ಮಿದರೆ, ಅಂಚಿನ ಮಡಿಕೆಯ ಮೇಲೆ ನೆಗ್ಗಿದ್ದರೆ, ತುಕ್ಕು ಒರೆಸಿದಾಗ ಕೆಳಗೆ ಗುಳಿ ಕಂಡರೆ ಎಸೆಯಿರಿ. ಬೆರಳಲ್ಲಿ ಒರೆಸಿದರೆ ಹೋಗುವ ತುಕ್ಕು, ನಡುಮೈಯಲ್ಲಿ ಸಣ್ಣ ನೆಗ್ಗು ಇದ್ದರೆ ಪರವಾಗಿಲ್ಲ. ಬಾಟ್ಯುಲಿಸಂ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ. ಟೊಮೆಟೊ, ಹಣ್ಣಿನಂಥ ಹುಳಿ ಪದಾರ್ಥ 12ರಿಂದ 18 ತಿಂಗಳು, ಹುಳಿ ಇಲ್ಲದ ತರಕಾರಿ, ಮಾಂಸ 2ರಿಂದ 5 ವರ್ಷ ರುಚಿ ಕೆಡದೆ ಇರುತ್ತವೆ. ಹುಳಿ ಲೋಹವನ್ನು ಒಳಗಿಂದ ತಿನ್ನುತ್ತದೆ, ವ್ಯತ್ಯಾಸ ಅದರದ್ದು.

ಶೇಖರಿಸಿದ ನೀರು

ನೀರು ಕೆಡುವುದಿಲ್ಲ, ಪಾತ್ರೆ ಕೆಡಿಸುತ್ತದೆ. ಹಸಿರು ಕಟ್ಟಿದರೆ ಬೆಳಕು ಬೀಳುತ್ತಿದೆ. ಒಳಗೋಡೆ ಲೋಳೆಯಾದರೆ ತುಂಬುವ ಮೊದಲು ಪಾತ್ರೆ ಸರಿಯಾಗಿ ತೊಳೆದಿಲ್ಲ, ಅಥವಾ ಕೈ, ಲೋಟ ಅದ್ದುತ್ತಿದ್ದೀರಿ. ಪ್ಲಾಸ್ಟಿಕ್ ವಾಸನೆಯಾದರೆ ಶಾಖ. ಪೆಟ್ರೋಲಿನ ಅಥವಾ ಕೀಟನಾಶಕದ ವಾಸನೆಯಾದರೆ ಪಕ್ಕದಲ್ಲಿ ಏನಿಟ್ಟಿದ್ದೀರಿ ನೋಡಿ, ಆ ಆವಿ ಪ್ಲಾಸ್ಟಿಕ್ ದಾಟಿ ಒಳಗೆ ಬರುತ್ತದೆ. ಆ ನೀರನ್ನು ಕುಡಿಯಬೇಡಿ, ಕುದಿಸಿದರೂ ಸರಿಹೋಗುವುದಿಲ್ಲ. ಬರೀ ಸಪ್ಪೆ ರುಚಿಯಾದರೆ ಅದು ದೋಷವೇ ಅಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೋಗಿದೆ. ಎರಡು ಪಾತ್ರೆಗಳ ನಡುವೆ ನಾಲ್ಕು ಸಲ ಎತ್ತರದಿಂದ ಸುರಿದರೆ ರುಚಿ ಮರಳುತ್ತದೆ.

ಬ್ಲೀಚ್ ಹಾಕುವವರಿಗೆ ಒಂದು ಮಾತು. ವಾಸನೆ ಸೇರಿಸದ, ಶೇ. 5ರಿಂದ 6 ಸೋಡಿಯಂ ಹೈಪೋಕ್ಲೋರೈಟ್ ಇರುವ ಮನೆ ಬಳಕೆಯ ಬ್ಲೀಚ್ ಲೀಟರಿಗೆ 2 ಹನಿ, ನೀರು ಮಬ್ಬಾಗಿದ್ದರೆ ಸೋಸಿ 4 ಹನಿ, ಅರ್ಧ ಗಂಟೆ ಕಾಯಬೇಕು. ಆಮೇಲೆ ಕ್ಲೋರಿನ್ ವಾಸನೆ ತೆಳುವಾಗಿ ಉಳಿದಿರಬೇಕು. ಉಳಿದಿಲ್ಲ ಎಂದರೆ ನೀರು ತುಂಬಾ ಕೊಳಕು ಎಂದುಕೊಂಡು ಜನ ಇನ್ನಷ್ಟು ಸುರಿಯುತ್ತಾರೆ. ಎಷ್ಟೋ ಸಲ ಸತ್ತಿರುವುದು ಬ್ಲೀಚೇ. ಬಾಟಲಿ ಒಂದು ವರ್ಷಕ್ಕಿಂತ ಹಳೆಯದೇ, ಬಿಸಿಲು ತಾಗುವ ಕಡೆ ಇತ್ತೇ, ಮೊದಲು ಅದನ್ನು ನೋಡಿ. ಮನೆಯಲ್ಲಿ ತುಂಬಿಟ್ಟ ನೀರನ್ನು ಆರು ತಿಂಗಳಿಗೊಮ್ಮೆ ಬದಲಿಸಿ.

ಟಾರ್ಚ್ ಹತ್ತುತ್ತಿಲ್ಲ: ಬ್ಯಾಟರಿ ದಾಸ್ತಾನಿನ ಗೋಳು

ಕರೆಂಟ್ ಹೋದ ರಾತ್ರಿ ಟಾರ್ಚ್ ಒತ್ತಿದರೆ ಕತ್ತಲೆ. ಎರಡು ವರ್ಷದಿಂದ ಮುಟ್ಟದೆ ಜೋಪಾನವಾಗಿ ಇಟ್ಟಿದ್ದೆ! ಬಿಚ್ಚಿದರೆ ಸ್ಪ್ರಿಂಗಿನ ಸುತ್ತ ಬಿಳಿ ಹರಳು. ಹೊಸದಾಗಿಯೇ ಇದ್ದ ಟಾರ್ಚನ್ನು ಆ ಜೋಪಾನವೇ ಹಾಳು ಮಾಡಿತ್ತು.

ಆಲ್ಕಲೈನ್ ಸೆಲ್ಲಿನೊಳಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಸೆಲ್ ಖಾಲಿಯಾಗುತ್ತಾ ಹೋದಂತೆ ಒಳಗೆ ಹೈಡ್ರೋಜನ್ ಅನಿಲ ಕೂಡಿ, ಒತ್ತಡಕ್ಕೆ ಸೀಲು ಬಿಟ್ಟು ದ್ರವ ಹೊರಬರುತ್ತದೆ. ಈಗಿನ ಎಷ್ಟೋ ಟಾರ್ಚುಗಳಲ್ಲಿ ಎಲೆಕ್ಟ್ರಾನಿಕ್ ಗುಂಡಿ ಇರುವುದರಿಂದ ಆರಿಸಿದಾಗಲೂ ಚೂರು ವಿದ್ಯುತ್ ಹರಿಯುತ್ತಲೇ ಇರುತ್ತದೆ. ಹಾಗಾಗಿ ಸೆಲ್ಲುಗಳನ್ನು ಟಾರ್ಚಿನ ಹೊರಗಿಡಿ, ಪಕ್ಕದಲ್ಲೇ ಪೊಟ್ಟಣ ಕಟ್ಟಿಡಿ. ಒಳಗೇ ಇರಬೇಕು ಎನ್ನುವವರು ಸೆಲ್ಲಿಗೂ ತಗಡಿಗೂ ನಡುವೆ ಒಂದು ಕಾಗದದ ಚೂರು ಸಿಕ್ಕಿಸಿ. ಬಿಳಿ ಹರಳನ್ನು ಬರಿಗೈಯಲ್ಲಿ ಕೆರೆಯಬೇಡಿ. ಕೈಗವಸು ಹಾಕಿ, ಹತ್ತಿಯ ಕಡ್ಡಿಗೆ ವಿನಿಗರ್ ಅಥವಾ ನಿಂಬೆರಸ ಅದ್ದಿ ಒರೆಸಿ, ಪೂರ್ತಿ ಒಣಗಿಸಿ. ಅರ್ಧದಷ್ಟು ಟಾರ್ಚುಗಳು ಇಷ್ಟಕ್ಕೇ ಬದುಕುತ್ತವೆ, ಇದು ನನ್ನ ಅಂದಾಜು.

ಎರಡು ಮೂರು ಸೆಲ್ಲುಗಳಲ್ಲಿ ಒಂದು ಮಾತ್ರ ಸೋರಿದ್ದರೆ ಹಳೆಯದನ್ನೂ ಹೊಸದನ್ನೂ ಬೆರೆಸಿದ್ದಿರಿ. ದುರ್ಬಲ ಸೆಲ್ ಖಾಲಿಯಾದ ಮೇಲೂ ಉಳಿದವು ಅದರ ಮೂಲಕ ವಿದ್ಯುತ್ ತಳ್ಳುತ್ತವೆ.

ಸೆಲ್ಲನ್ನು ಮೇಜಿನ ಮೇಲೆ ಕುಟ್ಟಿ, ಪುಟಿದರೆ ಸತ್ತಿದೆ ಎನ್ನುವ ಪರೀಕ್ಷೆ ಕೇಳಿದ್ದೀರಲ್ವಾ? ಅದರಲ್ಲಿ ಅರ್ಧ ನಿಜವಿದೆ. 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿದರು. ಒಳಗಿನ ಸತು ಆಕ್ಸೈಡ್ ಆಗುತ್ತಾ ಗಟ್ಟಿಯಾಗುವುದರಿಂದ ಸೆಲ್ ಪುಟಿಯುತ್ತದೆ. ಆದರೆ ಅರ್ಧ ಖಾಲಿಯಾಗುವ ಹೊತ್ತಿಗೇ ಪುಟಿತ ಪೂರ್ತಿ ಏರಿರುತ್ತದೆ. ಪುಟಿದರೆ ಹೊಚ್ಚ ಹೊಸದಲ್ಲ ಎಂದಷ್ಟೇ ತಿಳಿಯಿರಿ, ಎಸೆಯಬೇಡಿ.

ಮತ್ತೆ ಚಾರ್ಜ್ ಮಾಡುವವುಗಳಲ್ಲಿ ತಪ್ಪು ಬೇರೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಪೂರ್ತಿ ಖಾಲಿಯಾಗಿಯೂ ಎತ್ತಿಡಬಾರದು, ಅರ್ಧದ ಆಸುಪಾಸು ಒಳ್ಳೆಯದು. ಸೀಸ ಆಮ್ಲದ ಬ್ಯಾಟರಿಗೆ ಇದಕ್ಕೆ ತದ್ವಿರುದ್ಧ, ಅದು ತುಂಬಿಯೇ ಇರಬೇಕು. ಖಾಲಿ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಉಬ್ಬಿದ ಪವರ್ ಬ್ಯಾಂಕ್ ಸಿಕ್ಕರೆ ರಿಪೇರಿ ಯೋಚನೆ ಬೇಡ, ಚಾರ್ಜಿಗೂ ಹಾಕಬೇಡಿ.

ಉಳಿದ ಚೂರುಪಾರು

ಆಸ್ಪಿರಿನ್ ಡಬ್ಬಿಯಿಂದ ವಿನಿಗರ್ ವಾಸನೆ ಬಂದರೆ ಮಾತ್ರೆ ಒಡೆದು ಅಸಿಟಿಕ್ ಆಮ್ಲ ಆಗುತ್ತಿದೆ. ಸ್ನಾನದ ಮನೆಯ ಕಪಾಟಿನ ತೇವವೇ ಸಾಮಾನ್ಯ ಕಾರಣ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸಬಾರದು. ಅವಧಿ ಮುಗಿದ ಔಷಧಿಯ ವಿಷಯದಲ್ಲಿ ಇಂಥ ಬರಹಗಳನ್ನು ನಂಬದೆ ಔಷಧಿ ಅಂಗಡಿಯವರನ್ನು ಕೇಳಿ. ಬೇಕಿಂಗ್ ಪೌಡರ್ ಉಬ್ಬಿಸುತ್ತಿಲ್ಲವೇ? ಅರ್ಧ ಚಮಚಕ್ಕೆ ಬಿಸಿನೀರು ಸುರಿಯಿರಿ, ನೊರೆ ಬಾರದಿದ್ದರೆ ಅದು ಬರೀ ಪುಡಿ. ಪೆಟ್ರೋಲ್ ಮೂರರಿಂದ ಆರು ತಿಂಗಳಲ್ಲಿ ಹಳತಾಗುತ್ತದೆ, ವಾರ್ನಿಶ್ ವಾಸನೆ ಬಂದದ್ದನ್ನು ಜನರೇಟರಿಗೆ ಸುರಿದರೆ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಪೆಟ್ರೋಲನ್ನು ಮನೆಯೊಳಗೆ ಇಡುವುದಂತೂ ಬೇಡವೇ ಬೇಡ.

ಏನೂ ಕೆಟ್ಟಿಲ್ಲ, ಆದರೂ ಬೇಕಾದಾಗ ಸಿಗುತ್ತಿಲ್ಲ

ಇದನ್ನು ಯಾರೂ ದೋಷ ಎಂದು ಒಪ್ಪುವುದಿಲ್ಲ. ನನ್ನ ಅನುಭವದಲ್ಲಿ ಜಾಸ್ತಿ ಸಾಮಾನು ಹಾಳಾಗುವುದು ಇದರಿಂದಲೇ. ಹೊಸದನ್ನು ತಂದು ಮುಂದೆ ಇಡುತ್ತೇವೆ. ಕೈಗೆ ಮೊದಲು ಸಿಗುವುದು ಅದೇ. ಹಳೆಯದು ಹಿಂದೆ ಹಿಂದೆ ಸರಿದು ಅಲ್ಲೇ ಮುದಿಯಾಗುತ್ತದೆ. ಹೊಸದನ್ನು ಹಿಂದಿನಿಂದ ತುಂಬಿ, ಮುಂದಿನಿಂದ ತೆಗೆಯಿರಿ. ಕಪಾಟು ಗೋಡೆಗೆ ಅಂಟಿಕೊಂಡಿದ್ದರೆ ಇದು ಆಗುವ ಮಾತಲ್ಲ. ಆಗ ಎಡದಿಂದ ಇಟ್ಟು ಬಲದಿಂದ ತೆಗೆಯಿರಿ.

ತಾರೀಕು ಬರೆಯುವವರು ಮುಚ್ಚಳದ ಮೇಲೆ ಬರೆಯುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಒಂದು ದಿನ ಎಂಟು ಡಬ್ಬಿ ತೊಳೆದು ಒಣಗಿಸಿ ಮುಚ್ಚಳ ಹಾಕಿದ ಮೇಲೆ ನೋಡಿದರೆ ಮೆಂತ್ಯದ ಡಬ್ಬಿಗೆ ಸಾಬೂನು ಪುಡಿಯ ತಾರೀಕು. ಡಬ್ಬಿಯ ಮೈಮೇಲೆ ಬರೆಯಿರಿ. ತುಂಬಿದ ದಿನದ ಜೊತೆ ತೆರೆದ ದಿನ, ಮುಗಿದ ದಿನ ಕೂಡ ಬರೆದರೆ ಇನ್ನೊಂದು ಲಾಭವಿದೆ. 5 ಲೀಟರ್ ಎಣ್ಣೆ ನಿಮ್ಮ ಮನೆಯಲ್ಲಿ 40 ದಿನ ಬರುತ್ತದೆ ಎಂದು ಗೊತ್ತಾದರೆ ಮೂರು ತಿಂಗಳಿಗೆ ಮೂರು ಡಬ್ಬಿ ಸಾಕು. ನಾಲ್ಕನೆಯದು ಕಮಟಾಗಲು ಕಾಯುತ್ತಾ ಕೂರುತ್ತದೆ.

ಕೊನೆಗೆ ಪೂರ್ತಿ ತಯಾರಿ ಆಗಿದೆ ಎಂದುಕೊಂಡವರು ಒಂದು ಸಂಜೆ ಮೇನ್ ಸ್ವಿಚ್ ಆರಿಸಿ, ಅಂಗಡಿಗೂ ಹೋಗದೆ, ಕೂಡಿಟ್ಟದ್ದರಲ್ಲೇ ಒಂದು ಊಟ ಮುಗಿಸಿ ನೋಡಿ. ನಾನು ಹಾಗೆ ಮಾಡಿದಾಗ ಕಪಾಟಿನಲ್ಲಿ ಹದಿನಾಲ್ಕು ಟಿನ್ ಡಬ್ಬಿಗಳಿದ್ದವು. ತೆರೆಯುವ ಸಾಧನ ಇರಲಿಲ್ಲ. ಲೋಹದ ಡಬ್ಬಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1810ರಲ್ಲಿ, ಅದನ್ನು ತೆರೆಯಲೆಂದೇ ಮಾಡಿದ ಓಪನರ್ ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ, ಸುತ್ತಿಗೆಯೇ ಗತಿ. ನನಗೂ ಆ ಸಂಜೆ ಅದೇ ಗತಿಯಾಯಿತು. ಈಗ ಎರಡು ಓಪನರುಗಳಿವೆ. ಒಂದನ್ನು ಕಪಾಟಿನ ಹಿಡಿಗೆ ದಾರ ಕಟ್ಟಿ ನೇತುಹಾಕಿದ್ದೇನೆ, ಯಾರೂ ಅಡುಗೆ ಮನೆಗೆ ಒಯ್ಯದ ಹಾಗೆ.